ಬೇಸಿಗೆಯ ಆರು ವಾರಗಳಲ್ಲಿ ಒಂದು ಕೆಲಸ ಮುಗಿಸಿ ಬನ್ನಿ: ಕಲಬುರಗಿ, ಬೀದರ್, ಯಾದಗಿರಿಯ ವಿದ್ಯಾರ್ಥಿಗಳಿಗೆ ಇಂಟರ್ನ್‌ಶಿಪ್ ಮಾರ್ಗದರ್ಶಿ

ಪ್ರತಿ ವರ್ಷ ಬೇಸಿಗೆ ರಜೆ ಮುಗಿದು ತರಗತಿಗಳು ಶುರುವಾದ ಮೊದಲ ವಾರದಲ್ಲೇ ಇಂಟರ್ನ್‌ಶಿಪ್ ವರದಿಗಳು ನನ್ನ ಮೇಜಿಗೆ ಬಂದು ಸೇರುತ್ತವೆ. ಅಚ್ಚುಕಟ್ಟಾಗಿ ಸ್ಪೈರಲ್ ಬೈಂಡಿಂಗ್ ಮಾಡಿಸಿದ ಆ ವರದಿಗಳ ಮೊದಲ ಹದಿನೈದು ಪುಟಗಳಲ್ಲಿ ಸಾಮಾನ್ಯವಾಗಿ ಕಂಪನಿಯ ಇತಿಹಾಸ, ಅದರ ಧ್ಯೇಯ, ಅದರ ಶಾಖೆಗಳ ಪಟ್ಟಿ ಇರುತ್ತವೆ. ಅವೆಲ್ಲ ಆ ಕಂಪನಿಯ ಜಾಲತಾಣದಿಂದ ಇಳಿಸಿಕೊಂಡವು. ಮೌಖಿಕ ಪರೀಕ್ಷೆಯಲ್ಲಿ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಅಲ್ಲಿ ನೀನು ಕೈಯಾರೆ ಮಾಡಿದ ಕೆಲಸ ಯಾವುದು?’ ಬಹಳ ಮಂದಿ ಈ ಪ್ರಶ್ನೆಗೆ ತಲೆ ತಗ್ಗಿಸುತ್ತಾರೆ. ಅವರು ದಡ್ಡರಲ್ಲ, ಸೋಮಾರಿಗಳೂ ಅಲ್ಲ. ಏಪ್ರಿಲ್–ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ದಿನವೂ ಬಸ್ಸು ಹತ್ತಿ ಹೋಗಿ ಬಂದವರೇ. ಹೋದ ಕಡೆ ಏನು ಮಾಡಬೇಕು, ಯಾರನ್ನು ಏನು ಕೇಳಬೇಕು ಎಂಬುದನ್ನು ಯಾರೂ ಅವರಿಗೆ ಮೊದಲೇ ಹೇಳಿರಲಿಲ್ಲ ಅಷ್ಟೆ.

ಆದ್ದರಿಂದ ಈ ಲೇಖನ. ಇದರಲ್ಲಿರುವ ಎಲ್ಲ ಸಲಹೆಗಳೂ ಒಂದೇ ಮಾತಿನ ಸುತ್ತ ಇವೆ: ಕಾರ್ಖಾನೆಯಲ್ಲಾಗಲಿ ಕಚೇರಿಯಲ್ಲಾಗಲಿ ಎಲ್ಲವನ್ನೂ ಮೇಲಿಂದ ಮೇಲೆ ನೋಡಿ ಬರುವುದಕ್ಕಿಂತ, ಒಂದು ಸಣ್ಣ ಕೆಲಸವನ್ನು ಹಿಡಿದು, ಅದನ್ನು ಕೊನೆಮುಟ್ಟಿಸಿ, ನೀವು ಹೊರಟ ಮೇಲೂ ಅಲ್ಲಿಯವರಿಗೆ ಉಪಯೋಗಕ್ಕೆ ಬರುವಂತೆ ಅವರ ಕೈಗೆ ಒಪ್ಪಿಸಿ ಬರುವುದು ಮೇಲು.

ಜಾಗ ಹುಡುಕುವುದು: ಮೊದಲು ನಿಮ್ಮ ಜಿಲ್ಲೆಯನ್ನೇ ನೋಡಿ

ಇಂಟರ್ನ್‌ಶಿಪ್ ಎಂದಕೂಡಲೇ ನಮ್ಮ ಭಾಗದ ಹೆಚ್ಚಿನ ವಿದ್ಯಾರ್ಥಿಗಳ ಬಾಯಲ್ಲಿ ಬರುವುದು ಬೆಂಗಳೂರು ಇಲ್ಲವೇ ಹೈದರಾಬಾದ್. ಸಾಫ್ಟ್‌ವೇರ್ ಕಲಿಯುವವರಿಗೆ ಅದು ಸರಿಯಾದ ದಾರಿಯೇ ಇರಬಹುದು. ಉಳಿದವರು ಆರು ವಾರದ ಬಾಡಿಗೆ, ಊಟ, ಓಡಾಟದ ಖರ್ಚನ್ನು ಮನೆಯವರ ಮೇಲೆ ಹೊರಿಸುವ ಮುನ್ನ, ತಮ್ಮ ವಿಷಯಕ್ಕೆ ಸಂಬಂಧಪಟ್ಟ ಕೆಲಸ ಐವತ್ತು ಕಿಲೋಮೀಟರ್ ಒಳಗೆ ಎಲ್ಲೆಲ್ಲಿ ನಡೆಯುತ್ತಿದೆ ಎಂದು ಒಂದು ಹಾಳೆಯಲ್ಲಿ ಬರೆದು ನೋಡಬೇಕು. ಆ ಹಾಳೆ ಅನೇಕರು ತಿಳಿದುಕೊಂಡಿರುವುದಕ್ಕಿಂತ ಬೇಗ ತುಂಬುತ್ತದೆ.

ಸೇಡಂ, ಮಳಖೇಡ, ವಾಡಿ, ಚಿತ್ತಾಪುರ ಭಾಗದ ನೆಲದಡಿಯಲ್ಲಿ ಸುಣ್ಣದಕಲ್ಲು ಹೇರಳವಾಗಿರುವುದರಿಂದ ಅಲ್ಲಿ ದೊಡ್ಡ ದೊಡ್ಡ ಸಿಮೆಂಟ್ ಕಾರ್ಖಾನೆಗಳಿವೆ. ಕಲ್ಲು ಕ್ರಷರ್‌ನಲ್ಲಿ ಒಡೆದು, ಪುಡಿಯಾಗಿ, ಕಿಲ್ನ್ ಎಂದು ಕರೆಯುವ ಉದ್ದನೆಯ ತಿರುಗುವ ಗೂಡಿನಲ್ಲಿ ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕ್ಲಿಂಕರ್ ಎಂಬ ಗಟ್ಟಿ ಉಂಡೆಗಳಾಗಿ, ಬಳಿಕ ಜಿಪ್ಸಂ ಜೊತೆ ಅರೆದು ಚೀಲಕ್ಕೆ ಬೀಳುವವರೆಗಿನ ಆ ಒಂದೇ ಸಾಲಿನಲ್ಲಿ ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಇನ್‌ಸ್ಟ್ರುಮೆಂಟೇಶನ್, ಕೆಮಿಕಲ್, ಗಣಿ ವಿಭಾಗದ ಎಲ್ಲರಿಗೂ ಕಲಿಯುವುದಕ್ಕೆ ಬೇಕಾದಷ್ಟಿದೆ. ಇಂಥ ಕಾರ್ಖಾನೆಗಳಿಗೆ ಅರ್ಜಿ ಬಹಳ ಬರುವುದರಿಂದ ಫೆಬ್ರವರಿಯಲ್ಲೇ ಬರೆದುಕೊಳ್ಳಬೇಕು.

ಸಕ್ಕರೆ ಕಾರ್ಖಾನೆಗಳ ವಿಷಯದಲ್ಲಿ ವಿದ್ಯಾರ್ಥಿಗಳು ಒಂದು ತಪ್ಪು ಮಾಡುತ್ತಾರೆ. ಆಳಂದ, ಅಫಜಲಪುರ, ಭಾಲ್ಕಿ, ಹುಮನಾಬಾದ್ ಕಡೆಯ ಕಾರ್ಖಾನೆಗಳಲ್ಲಿ ಕಬ್ಬು ನುರಿಸುವ ಹಂಗಾಮು ಬೇಸಿಗೆಯ ಹೊತ್ತಿಗೆ ಮುಗಿದಿರುತ್ತದೆ. ‘ಕಾರ್ಖಾನೆ ಬಂದ್ ಇದೆ, ಹೋಗಿ ಏನು ನೋಡುವುದು’ ಎಂದು ಬಿಟ್ಟುಬಿಡುತ್ತಾರೆ. ಮೆಕ್ಯಾನಿಕಲ್ ಓದುವವರಿಗೆ ನಿಜವಾಗಿ ಅದೇ ಸುಗ್ಗಿಯ ಕಾಲ. ಹಂಗಾಮಿನಲ್ಲಿ ಕಬ್ಬಿಣದ ಹೊದಿಕೆಯೊಳಗೆ ಸುತ್ತುತ್ತಿದ್ದ ರೋಲರ್‌ಗಳು, ಬೇರಿಂಗ್‌ಗಳು, ಗೇರ್‌ಗಳು, ಪಂಪುಗಳು ಈಗ ಬಿಚ್ಚಿ ನೆಲದ ಮೇಲೆ ಇಟ್ಟಿರುತ್ತವೆ. ಯಾವ ಭಾಗ ಎಷ್ಟು ಸವೆದಿದೆ, ಯಾವುದನ್ನು ಬದಲಿಸುತ್ತಾರೆ, ಯಾವುದಕ್ಕೆ ವೆಲ್ಡಿಂಗ್ ಮಾಡಿ ಮತ್ತೆ ಹಾಕುತ್ತಾರೆ ಎಂಬುದನ್ನು ಕಣ್ಣಾರೆ ಕಂಡು, ಮುಟ್ಟಿ, ಅಳತೆ ತೆಗೆಯುವ ಅವಕಾಶ ಚಾಲೂ ಇರುವ ಕಾರ್ಖಾನೆಯಲ್ಲಿ ಎಂದೂ ಸಿಗುವುದಿಲ್ಲ.

ಎಲೆಕ್ಟ್ರಿಕಲ್ ವಿದ್ಯಾರ್ಥಿಗಳಿಗೆ ನಮ್ಮ ಭಾಗದ ವಿದ್ಯುತ್ ಸರಬರಾಜು ಕಂಪನಿ ಜೆಸ್ಕಾಂ ಇದೆ. ಅದರ ಪ್ರಧಾನ ಕಚೇರಿಯೇ ಕಲಬುರಗಿಯಲ್ಲಿದೆ. ವಾಣಿಜ್ಯ ಓದುವವರಿಗೆ ಲೆಕ್ಕ ಪರಿಶೋಧಕರ ಕಚೇರಿಗಳು, ಸಹಕಾರಿ ಬ್ಯಾಂಕುಗಳು, ಎಪಿಎಂಸಿಯ ಅಡತಿ ಅಂಗಡಿಗಳಿವೆ. ಮಾರ್ಚ್ 31ಕ್ಕೆ ಆರ್ಥಿಕ ವರ್ಷ ಮುಗಿಯುವುದರಿಂದ ಏಪ್ರಿಲ್–ಮೇ ತಿಂಗಳಲ್ಲಿ ಹಳೆಯ ವರ್ಷದ ಲೆಕ್ಕ ಹೊಂದಿಸುವ ಕೆಲಸ ಅಲ್ಲಿ ಜೋರಾಗಿ ನಡೆಯುತ್ತಿರುತ್ತದೆ. ಬೀದರಿನಲ್ಲಿ ಕೊಳಾರ ಕೈಗಾರಿಕಾ ಪ್ರದೇಶವಿದೆ, ನಂದಿನಗರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ. ವಿನ್ಯಾಸ ಅಥವಾ ವ್ಯವಹಾರ ನಿರ್ವಹಣೆ ಕಲಿಯುವವರು ಬಿದರಿ ಕಸುಬುದಾರರ ಕಾರ್ಖಾನೆಯಲ್ಲಿ ಕುಳಿತು, ಸತು–ತಾಮ್ರದ ಎರಕದಿಂದ ಹಿಡಿದು ಬೆಳ್ಳಿ ಕೂರಿಸಿ, ಕೋಟೆಯ ಮಣ್ಣಿನಲ್ಲಿ ನವಸಾಗರ ಬೆರೆಸಿ ಕಪ್ಪು ಬರಿಸುವವರೆಗೆ ಒಂದು ಹೂಜಿಗೆ ಎಷ್ಟು ಗಂಟೆಯ ದುಡಿಮೆ ಹಿಡಿಯುತ್ತದೆ ಎಂದು ಲೆಕ್ಕ ಇಟ್ಟರೆ, ಬೆಲೆ ನಿಗದಿ ಎಂಬ ಪಾಠ ಯಾವ ಪಠ್ಯಪುಸ್ತಕಕ್ಕಿಂತಲೂ ಚೆನ್ನಾಗಿ ತಲೆಗೆ ಹತ್ತುತ್ತದೆ. ಯಾದಗಿರಿಯಲ್ಲಿ ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶ, ಭೀಮರಾಯನಗುಡಿಯ ಕೃಷಿ ಕಾಲೇಜು, ನಾರಾಯಣಪುರ ಎಡದಂಡೆ ಕಾಲುವೆಯ ನೀರಾವರಿ ಕಚೇರಿಗಳಿವೆ. ಇತಿಹಾಸದ ವಿದ್ಯಾರ್ಥಿಗಳಿಗಂತೂ ಸನ್ನತಿ, ಮಳಖೇಡ, ಬಹಮನಿ ಅರಸರ ಕೋಟೆಗಳು ಇರುವಾಗ ಹೊರಗೆ ಹೋಗುವ ಪ್ರಶ್ನೆಯೇ ಬರಬಾರದು.

ಹೀಗೆ ಬರೆದ ಪಟ್ಟಿಯಿಂದ ಒಂದನ್ನು ಆರಿಸುವಾಗ ಕಂಪನಿಯ ಹೆಸರಿನ ತೂಕವನ್ನು ಕೊನೆಗೆ ನೋಡಿ. ನಿಮಗೆ ದಿನಕ್ಕೆ ಹದಿನೈದು ನಿಮಿಷ ಕೊಡಬಲ್ಲ ಒಬ್ಬ ವ್ಯಕ್ತಿ ಅಲ್ಲಿದ್ದಾರೆಯೇ, ನೀವು ಹೋಗುವ ವಾರಗಳಲ್ಲಿ ಅಲ್ಲಿ ಕೆಲಸ ನಡೆಯುತ್ತಿರುತ್ತದೆಯೇ ಎಂಬುದನ್ನು ಮೊದಲು ವಿಚಾರಿಸಿ. ಇವೆರಡೂ ಇದ್ದರೆ ನಾಲ್ಕು ಜನ ಕೆಲಸಗಾರರಿರುವ ಸಣ್ಣ ವರ್ಕ್‌ಶಾಪ್ ಕೂಡ ಸಾಕು.

ಪತ್ರ ಬರೆಯುವುದು, ಹೋಗಿ ಭೇಟಿಯಾಗುವುದು

‘ನಿಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಇಂಟರ್ನ್‌ಶಿಪ್ ಮಾಡಲು ಅವಕಾಶ ಕೊಡಬೇಕು’ ಎಂಬ ಒಂದೇ ಸಾಲಿನ ಅರ್ಜಿಯನ್ನು ಇಪ್ಪತ್ತು ಕಡೆ ಕಳುಹಿಸಿದರೆ ಇಪ್ಪತ್ತೂ ಕಡೆ ಮೌನವೇ ಉತ್ತರವಾಗುತ್ತದೆ. ಓದುವ ಅಧಿಕಾರಿಗೆ ನಿಮ್ಮನ್ನು ಎಲ್ಲಿ ಕೂರಿಸಬೇಕು, ಯಾರ ಕೈಕೆಳಗೆ ಹಾಕಬೇಕು ಎಂಬುದು ಅದರಿಂದ ತಿಳಿಯುವುದಿಲ್ಲ. ಬದಲಿಗೆ ಹೀಗೆ ಬರೆದು ನೋಡಿ:

‘ಮಾನ್ಯರೇ, ನಾನು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮೂರನೇ ವರ್ಷದ ವಿದ್ಯಾರ್ಥಿನಿ. ಮೇ ಮೊದಲ ವಾರದಿಂದ ಆರು ವಾರ ನನಗೆ ಬಿಡುವಿದೆ. ನಿಮ್ಮ 33/11 ಕೆ.ವಿ. ಉಪಕೇಂದ್ರದ ಲಾಗ್ ಪುಸ್ತಕವನ್ನು ನೋಡಿ, ಯಾವ ಫೀಡರಿನಲ್ಲಿ ದಿನದ ಯಾವ ಹೊತ್ತಿಗೆ ಲೋಡ್ ಏರುತ್ತದೆ, ಯಾವ ಕಾರಣಕ್ಕೆ ಹೆಚ್ಚು ಸಲ ವಿದ್ಯುತ್ ನಿಲುಗಡೆಯಾಗಿದೆ ಎಂಬುದನ್ನು ಪಟ್ಟಿ ಮಾಡಲು ಅನುಮತಿ ಕೋರುತ್ತೇನೆ. ಯಂತ್ರಗಳನ್ನು ಮುಟ್ಟುವುದಿಲ್ಲ, ಸಿಬ್ಬಂದಿಯ ಕೆಲಸಕ್ಕೆ ಅಡ್ಡಿಯಾಗದಂತೆ ನೋಡಿಕೊಳ್ಳುತ್ತೇನೆ. ಕಾಲೇಜಿನ ಪತ್ರವನ್ನು ಲಗತ್ತಿಸಿದ್ದೇನೆ.’

ಇಂಥ ಪತ್ರ ಓದಿದವರು ಒಪ್ಪಿಗೆ ಕೊಡದಿದ್ದರೂ ಕನಿಷ್ಠ ಕರೆದು ಮಾತನಾಡಿಸುತ್ತಾರೆ. ಸರ್ಕಾರಿ ಕಚೇರಿಗೆ ಅರ್ಜಿ ಹಾಕುವಾಗ ಎರಡು ಪ್ರತಿ ಒಯ್ದು, ಟಪಾಲು ವಿಭಾಗದಲ್ಲಿ ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸ್ವೀಕೃತಿಯ ಮುದ್ರೆ ಮತ್ತು ದಿನಾಂಕ ಹಾಕಿಸಿಕೊಳ್ಳಿ. ಹತ್ತು ದಿನ ಬಿಟ್ಟು ಆ ಪ್ರತಿಯನ್ನು ಕೈಯಲ್ಲಿ ಹಿಡಿದು ಹೋದರೆ ಕಡತ ಎಲ್ಲಿದೆ ಎಂದು ಹುಡುಕುವುದು ಅವರಿಗೂ ಸುಲಭ. ಬೇಸಿಗೆಯಲ್ಲಿ ನಮ್ಮ ಭಾಗದ ಜಿಲ್ಲೆಗಳ ಸರ್ಕಾರಿ ಕಚೇರಿಗಳ ವೇಳೆಯನ್ನು ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ರೂಢಿಯಿದೆ; ಆ ವರ್ಷದ ಆದೇಶವನ್ನು ನೋಡಿಕೊಂಡು ಹೊರಡಿ, ಮೂರು ಗಂಟೆಗೆ ಹೋಗಿ ಬೀಗ ನೋಡಿ ಬರಬೇಡಿ.

ಸಣ್ಣ ಉದ್ದಿಮೆಗಳಲ್ಲಿ ಇಮೇಲ್‌ಗಿಂತ ನೇರ ಭೇಟಿಯೇ ಕೆಲಸ ಮಾಡುತ್ತದೆ. ಬೆಳಗಿನ ಹೊತ್ತು, ಮಾಲೀಕರು ಬಂದು ಕುಳಿತ ಅರ್ಧ ಗಂಟೆಯ ನಂತರ ಹೋಗಿ, ಪತ್ರ ಕೈಗೆ ಕೊಟ್ಟು, ಎರಡು ನಿಮಿಷದಲ್ಲಿ ಮಾತು ಮುಗಿಸಿ. ಪರಿಚಯದವರ ಮೂಲಕ ಹೋಗುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ; ಕಾಕಾ, ಮಾವ, ಓಣಿಯ ಹಿರಿಯರು ಯಾರಾದರೂ ಅಲ್ಲಿ ಕೆಲಸ ಮಾಡುತ್ತಿದ್ದರೆ ಕೇಳಿ. ಆದರೆ ಒಳಗೆ ಸೇರಿದ ಮೇಲೆ ಅವರ ಹೆಸರನ್ನು ಪದೇ ಪದೇ ಹೇಳಬೇಡಿ.

ದುಡ್ಡು ಕೊಟ್ಟು ಪ್ರಮಾಣಪತ್ರ ತರಬೇಡಿ

‘ನೋಂದಣಿ ಶುಲ್ಕ ಕಟ್ಟಿ, ಮನೆಯಲ್ಲೇ ಕುಳಿತು ನಾಲ್ಕು ವಾರದ ಪ್ರಮಾಣಪತ್ರ ಪಡೆಯಿರಿ’ ಎಂಬ ಸಂದೇಶಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮಾರ್ಚ್‌ನಿಂದಲೇ ಓಡಾಡತೊಡಗುತ್ತವೆ. ಇಂಟರ್ನ್‌ಶಿಪ್ ಕೊಡುವವರು ನಿಮ್ಮಿಂದ ಹಣ ಕೇಳಿದರೆ ಅದು ತರಬೇತಿಯ ಮಾರಾಟ ಎಂದು ತಿಳಿಯಿರಿ. ಬೇಕಿದ್ದರೆ ತರಬೇತಿ ಎಂದೇ ತೆಗೆದುಕೊಳ್ಳಿ, ಇಂಟರ್ನ್‌ಶಿಪ್ ಎಂದು ಬರೆಯಬೇಡಿ. ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೇ ಅದು ಬಯಲಾಗುತ್ತದೆ.

2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಪ್ರಧಾನ ಮಂತ್ರಿ ಇಂಟರ್ನ್‌ಶಿಪ್ ಯೋಜನೆಯನ್ನು ಬೇಸಿಗೆ ಇಂಟರ್ನ್‌ಶಿಪ್ ಜೊತೆ ಕಲೆಸಿಕೊಳ್ಳುವವರೂ ಇದ್ದಾರೆ. ಆ ಯೋಜನೆ ಆರಂಭವಾದದ್ದು ತಿಂಗಳಿಗೆ 5,000 ರೂಪಾಯಿ ನೆರವಿನ, 12 ತಿಂಗಳ ಅವಧಿಯದ್ದಾಗಿ, ಪೂರ್ಣಾವಧಿ ಓದು ಮುಗಿಸಿದ ಯುವಕ ಯುವತಿಯರಿಗಾಗಿ. ಕಾಲೇಜಿನಲ್ಲಿ ಓದುತ್ತಿರುವವರು ಪದವಿಯ ನಂತರದ ದಾರಿ ಎಂದು ಅದನ್ನು ಗುರುತು ಹಾಕಿಟ್ಟುಕೊಳ್ಳಬಹುದು. ಅರ್ಜಿಯ ಹೊತ್ತಿಗೆ ಅದರ ಜಾಲತಾಣದಲ್ಲಿ ನಿಯಮಗಳನ್ನು ಓದಿಕೊಳ್ಳಿ. ಹಾಗೆಯೇ 1961ರ ಅಪ್ರೆಂಟಿಸ್ ಕಾಯ್ದೆಯಡಿ ನಡೆಯುವ ಅಪ್ರೆಂಟಿಸ್‌ಶಿಪ್ ಕೂಡ ಬೇರೆಯೇ. ಅದರಲ್ಲಿ ಒಪ್ಪಂದ ಮತ್ತು ನಿಗದಿತ ಭತ್ಯೆ ಇರುತ್ತವೆ.

ಮೊದಲ ದಿನ

ಕಾಲೇಜಿನ ಪತ್ರ, ಗುರುತಿನ ಚೀಟಿ, ಎರಡು ಫೋಟೋ, ಗಟ್ಟಿ ರಟ್ಟಿನ ಒಂದು ಕಿರು ನೋಟ್‌ಬುಕ್, ಪೆನ್ನು, ನೀರಿನ ಬಾಟಲಿ. ಕಾರ್ಖಾನೆಗೆ ಹೋಗುವವರು ಹತ್ತಿಯ ಪೂರ್ತಿ ತೋಳಿನ ಅಂಗಿ ಮತ್ತು ಸೇಫ್ಟಿ ಶೂ ಹಾಕಬೇಕು. ದುಪಟ್ಟಾ, ಸಡಿಲ ತೋಳು, ಉಂಗುರ, ಕೈಗೆ ಕಟ್ಟಿದ ದಾರ ಯಾವುದೂ ತಿರುಗುವ ಯಂತ್ರದ ಹತ್ತಿರ ಇರಕೂಡದು. ಹೆಲ್ಮೆಟ್ ಕೊಟ್ಟರೆ ಅದರ ಪಟ್ಟಿಯನ್ನು ಗದ್ದಕ್ಕೆ ಬಿಗಿದುಕೊಳ್ಳಿ. ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ದಾಟುವ ನಮ್ಮೂರಿನಲ್ಲಿ ತಗಡಿನ ಶೆಡ್ಡಿನೊಳಗೆ ಸೆಖೆ ಇನ್ನೂ ಹೆಚ್ಚಿರುತ್ತದೆ, ಆದ್ದರಿಂದ ಬಾಯಾರಿಕೆ ಆಗುವ ಮೊದಲೇ ನೀರು ಕುಡಿಯಿರಿ. ತಲೆ ಸುತ್ತಿದರೆ ಸಂಕೋಚಪಡದೆ ಹೇಳಿ ನೆರಳಿಗೆ ಬನ್ನಿ.

ಸುರಕ್ಷತೆಯ ಪಾಠ ನಡೆಸಿದರೆ ಪೂರ್ತಿ ಕೇಳಿ, ನಡೆಸದಿದ್ದರೆ ನೀವೇ ಕೇಳಿ: ತುರ್ತಾಗಿ ಯಂತ್ರ ನಿಲ್ಲಿಸುವ ಗುಂಡಿ ಎಲ್ಲಿದೆ, ಬೆಂಕಿ ನಂದಿಸುವ ಸಿಲಿಂಡರ್ ಎಲ್ಲಿದೆ, ನಾನು ಹೋಗಬಾರದ ಜಾಗ ಯಾವುದು. ಫೋಟೋ ತೆಗೆಯುವುದಕ್ಕೆ ಅನುಮತಿ ಇದೆಯೇ ಎಂಬುದನ್ನೂ ಅದೇ ದಿನ ಕೇಳಿ. ಕಂಟ್ರೋಲ್ ರೂಮಿನ ಪರದೆಯ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಿದ ಹುಡುಗನೊಬ್ಬನನ್ನು ಮರುದಿನವೇ ಗೇಟಿನಿಂದ ಹಿಂದಕ್ಕೆ ಕಳುಹಿಸಿದ್ದನ್ನು ಕಂಡಿದ್ದೇನೆ.

ವಿದ್ಯಾರ್ಥಿನಿಯರು ತಿಳಿದಿರಬೇಕಾದದ್ದು: ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ರಕ್ಷಣೆ ತರಬೇತಿಗೆ ಬಂದವರಿಗೂ ಅನ್ವಯಿಸುತ್ತದೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಸಣ್ಣ ಕಡೆಯ ದೂರುಗಳಿಗೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ ಇದೆ. ತೊಂದರೆಯಾದರೆ ಪ್ರಮಾಣಪತ್ರ ಹೋದೀತೆಂದು ಸುಮ್ಮನಿರಬೇಡಿ, ಅದೇ ದಿನ ಕಾಲೇಜಿನ ಮಾರ್ಗದರ್ಶಕರಿಗೆ ಫೋನ್ ಮಾಡಿ.

ಮೊದಲ ವಾರ: ನಿಮ್ಮ ಕೆಲಸವನ್ನು ನೀವೇ ಹುಡುಕಿಕೊಳ್ಳುವುದು

ನಾನು ವಿದ್ಯಾರ್ಥಿಯಾಗಿದ್ದಾಗ ಒಂದು ಕಾರ್ಖಾನೆಗೆ ಆರು ವಾರದ ತರಬೇತಿಗೆ ಹೋಗಿದ್ದೆ. ಮೊದಲ ಹನ್ನೆರಡು ದಿನ ನನ್ನನ್ನು ಒಂದು ಕೋಣೆಯಲ್ಲಿ ಕೂರಿಸಿ, ಧೂಳು ಹಿಡಿದ ಯಂತ್ರದ ಕೈಪಿಡಿಗಳನ್ನು ಮುಂದಿಟ್ಟು, ‘ಓದುತ್ತಿರು, ಸಾಹೇಬರು ಬರುತ್ತಾರೆ’ ಎಂದರು. ಸಾಹೇಬರು ಬರಲಿಲ್ಲ. ಅವರಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ, ಪುರಸೊತ್ತಿರಲಿಲ್ಲ. ನಾನೂ ಎದ್ದು ಹೋಗಿ ಕೇಳಲಿಲ್ಲ. ಹದಿಮೂರನೆಯ ದಿನ ಚಹಾ ಕುಡಿಯಲು ಅಲ್ಲಿಗೆ ಬಂದ ವಯಸ್ಸಾದ ಫಿಟ್ಟರ್ ಒಬ್ಬರು ನನ್ನನ್ನು ನೋಡಿ, ‘ಇಲ್ಲೇ ಕುಂತ್ರ ಏನ್ ಕಲೀತಿ ತಮ್ಮಾ? ಬಾ ನನ್ನ ಸಂಗಾಟ’ ಎಂದು ಕರೆದುಕೊಂಡು ಹೋದರು. ಫ್ಯಾನುಗಳ ಬೇರಿಂಗ್‌ನ ಉಷ್ಣಾಂಶವನ್ನು ದಿನಕ್ಕೆ ಮೂರು ಸಲ ಅಳೆದು ಬರೆಯುವುದು ಅವರು ನನಗೆ ಕೊಟ್ಟ ಕೆಲಸ. ಮೂರು ವಾರ ಬರೆದೆ. ಒಂದು ಬೇರಿಂಗ್‌ನ ಅಂಕಿ ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ಏರುತ್ತಿರುವುದು ಆ ಪಟ್ಟಿಯಲ್ಲಿ ಕಂಡಿತು, ಅವರು ಬಿಚ್ಚಿಸಿ ನೋಡಿದಾಗ ಗ್ರೀಸ್ ಕೆಟ್ಟು ಹೋಗಿತ್ತು. ಇಂದಿಗೂ ಬೇರಿಂಗ್ ಪಾಠ ಮಾಡುವಾಗ ನನ್ನ ಕಣ್ಣೆದುರು ಬರುವುದು ಆ ಪಟ್ಟಿಯೇ. ಕಳೆದುಹೋದ ಹನ್ನೆರಡು ದಿನಗಳ ಬಗ್ಗೆ ಈಗಲೂ ಬೇಸರವಿದೆ. ಆ ದಿನಗಳು ನಿಮಗೆ ಹೋಗಬಾರದೆಂದೇ ಇದನ್ನು ಬರೆಯುತ್ತಿದ್ದೇನೆ.

ಆದ್ದರಿಂದ ಮೊದಲ ಮೂರು ದಿನ ಸುತ್ತಾಡಿ ನೋಡಿ, ಕೇಳಿ, ಬರೆದುಕೊಳ್ಳಿ. ಇಡೀ ಕೆಲಸ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದರ ಒಂದು ನಕ್ಷೆಯನ್ನು ಪೆನ್ಸಿಲ್‌ನಲ್ಲಿ ಬರೆದು, ನಿಮಗಿಂತ ಹೆಚ್ಚು ಬಲ್ಲ ಯಾರಿಗಾದರೂ ತೋರಿಸಿ ತಿದ್ದಿಸಿಕೊಳ್ಳಿ. ತಿದ್ದುವ ನೆಪದಲ್ಲಿ ಅವರು ಆಡುವ ಮಾತುಗಳಲ್ಲಿಯೇ ನಿಮ್ಮ ಕೆಲಸ ಅಡಗಿರುತ್ತದೆ. ‘ಇಲ್ಲಿ ಮಾತ್ರ ಯಾವಾಗಲೂ ತಡ ಆಗ್ತದ ನೋಡ್ರಿ’, ‘ಈ ಲೆಕ್ಕ ಯಾರೂ ಇಟ್ಟಿಲ್ಲ’, ‘ಈ ರಿಜಿಸ್ಟರ್ ಎರಡು ಸಲ ಬರೀಬೇಕಾಗ್ತದ’ ಎಂಬಂಥ ಮಾತು ಕೇಳಿಸಿದ ಕ್ಷಣ ಅದನ್ನು ಅವರ ಮಾತಿನಲ್ಲೇ ಬರೆದಿಟ್ಟುಕೊಳ್ಳಿ.

ನಾಲ್ಕನೆಯ ಅಥವಾ ಐದನೆಯ ದಿನ, ಅಂಥ ಮಾತುಗಳಲ್ಲಿ ಒಂದನ್ನು ಆರಿಸಿ ಮೇಲ್ವಿಚಾರಕರ ಬಳಿ ಹೋಗಿ. ಆರಿಸುವಾಗ ಗಮನಿಸಬೇಕಾದದ್ದು ಇಷ್ಟು: ಅದನ್ನು ಅಳೆಯಲು ಅಥವಾ ಎಣಿಸಲು ಬರಬೇಕು, ಮೂರು ವಾರದಲ್ಲಿ ಮುಗಿಯಬೇಕು, ಯಂತ್ರವನ್ನಾಗಲಿ ಅಲ್ಲಿನ ಪದ್ಧತಿಯನ್ನಾಗಲಿ ಬದಲಿಸುವ ಅಧಿಕಾರ ಅದಕ್ಕೆ ಬೇಕಾಗಬಾರದು, ಮತ್ತು ಅದರ ಉತ್ತರ ಅಲ್ಲಿ ಕನಿಷ್ಠ ಒಬ್ಬರಿಗಾದರೂ ಬೇಕಾಗಿರಬೇಕು. ‘ಕಾರ್ಖಾನೆಯ ವಿದ್ಯುತ್ ಉಳಿತಾಯದ ಅಧ್ಯಯನ’ ಎಂಬುದು ಆರು ವಾರಕ್ಕೆ ಒಗ್ಗುವ ಕೆಲಸವಲ್ಲ. ‘ಎರಡನೇ ಶೆಡ್ಡಿನ ಕಂಪ್ರೆಸರ್ ದಿನಕ್ಕೆ ಎಷ್ಟು ಗಂಟೆ ಬರಿದೇ ಓಡುತ್ತದೆ’ ಎಂಬುದು ಒಗ್ಗುತ್ತದೆ. ಸಹಕಾರಿ ಬ್ಯಾಂಕಿನಲ್ಲಿದ್ದರೆ, ಒಂದು ಸಾಲದ ಅರ್ಜಿ ಯಾವ ಮೇಜಿನಲ್ಲಿ ಎಷ್ಟು ದಿನ ಕೂರುತ್ತದೆ, ಯಾವ ದಾಖಲೆ ಇಲ್ಲವೆಂದು ಹಿಂದಕ್ಕೆ ಬರುತ್ತದೆ ಎಂದು ಮೂವತ್ತು ಅರ್ಜಿಗಳಿಗೆ ಪಟ್ಟಿ ಮಾಡಿದರೆ ಸಾಕು.

ಮೇಲ್ವಿಚಾರಕರು ಬೇರೆ ಕೆಲಸ ಹೇಳಿದರೆ ಅದನ್ನೇ ಮೊದಲು ಮಾಡಿ. ಜೆರಾಕ್ಸ್ ತರಲು ಹೇಳಿದರೂ ತನ್ನಿ. ಆದರೆ ವಾರದ ಕೊನೆಗೆ ವಿನಯದಿಂದ ಮತ್ತೆ ನೆನಪಿಸಿ. ಎರಡು ವಾರ ಕಳೆದರೂ ಕಡತ ಹೊತ್ತು ತಿರುಗುವುದೇ ನಡೆದಿದ್ದರೆ ಕಾಲೇಜಿನ ಮಾರ್ಗದರ್ಶಕರಿಂದ ಒಂದು ಫೋನ್ ಮಾಡಿಸಿ. ಅದನ್ನು ದೂರು ಎಂದು ತಿಳಿಯಬೇಕಾಗಿಲ್ಲ. ನಿಮ್ಮ ಹೆಸರು ಅವರ ನೆನಪಿಗೆ ಬರಲು ಅದು ಸಾಕಾಗುತ್ತದೆ.

ನೋಟ್‌ಬುಕ್: ಒಂದು ದಾಲ್ ಮಿಲ್ಲಿನ ಉದಾಹರಣೆ

ನಾನು ಮಾರ್ಗದರ್ಶನ ಮಾಡಿದ ವಿದ್ಯಾರ್ಥಿನಿಯೊಬ್ಬಳು ಕಲಬುರಗಿಯ ಒಂದು ದಾಲ್ ಮಿಲ್ಲಿಗೆ ಹೋದಳು. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ ಎಂಬುದು ಅವಳಿಗೆ ಗೊತ್ತಿತ್ತು, ಆದರೆ ತೊಗರಿ ಬೇಳೆಯಾಗುವುದನ್ನು ಹತ್ತಿರದಿಂದ ನೋಡಿರಲಿಲ್ಲ. ಕಾಳನ್ನು ಸೋಸಿ, ಸಿಪ್ಪೆಗೆ ಗೀರು ಬೀಳಿಸಿ, ಎಣ್ಣೆ ಸವರಿ, ನೀರು ಕೊಟ್ಟು ನೆನೆಸಿ, ಬಿಸಿಲಿಗೆ ಹರವಿ ಒಣಗಿಸಿ, ಮತ್ತೆ ಯಂತ್ರಕ್ಕೆ ಹಾಕಿದಾಗ ಸಿಪ್ಪೆ ಬಿಟ್ಟು ಕಾಳು ಎರಡಾಗುತ್ತದೆ. ಒಂದು ಕ್ವಿಂಟಲ್ ತೊಗರಿಗೆ ಸುಮಾರು 70ರಿಂದ 75 ಕಿಲೋ ಬೇಳೆ ಬರುತ್ತದೆ. ಉಳಿದದ್ದು ನುಚ್ಚು, ಚುನ್ನಿ ಎಂಬ ಪುಡಿ, ಹೊಟ್ಟು. ‘ಕೆಲವು ದಿನ ನುಚ್ಚು ಜಾಸ್ತಿ ಬೀಳ್ತದ, ಯಾಕಂತ ಗೊತ್ತಾಗಂಗಿಲ್ಲ’ ಎಂದು ಮುನೀಮರು ಆಡಿದ ಮಾತನ್ನು ಅವಳು ಎರಡನೇ ದಿನ ಬರೆದಿಟ್ಟುಕೊಂಡಿದ್ದಳು. ಅದೇ ಅವಳ ಕೆಲಸವಾಯಿತು.

ಅವಳ ನೋಟ್‌ಬುಕ್‌ನ ಒಂದು ಪುಟ ನನ್ನ ಬಳಿ ಇದೆ. ಎಡಗಡೆ ದಿನಾಂಕ, ಅದರ ಪಕ್ಕ ಕಾಳನ್ನು ಅಂಗಳಕ್ಕೆ ಹರವಿದ ಹೊತ್ತು, ಎತ್ತಿದ ಹೊತ್ತು, ಆಕಾಶ ನಿಚ್ಚಳವೋ ಮೋಡವೋ, ತೇವಾಂಶ ಮಾಪಕದ ಅಂಕಿ, ಬಳಿಕ ಒಂದು ಕ್ವಿಂಟಲ್‌ಗೆ ಬಂದ ಬೇಳೆ, ನುಚ್ಚು, ಚುನ್ನಿಯ ತೂಕ. ಬಲಗಡೆ ಒಂದು ಅಗಲವಾದ ಅಂಚು ಬಿಟ್ಟು, ಅಂದು ಯಾರು ಏನು ಹೇಳಿದರು, ತನಗೆ ತಿಳಿಯದೆ ಉಳಿದದ್ದು ಏನು ಎಂದು ಬರೆದಿದ್ದಾಳೆ. ಒಂದು ಕಡೆ ‘ಮಧ್ಯಾಹ್ನ ಅಕಾಲಿಕ ಮಳೆ, ಎರಡು ತಾಸು ಮೊದಲೇ ಎತ್ತಿದರು’ ಎಂದಿದೆ. ಅದೇ ಸಾಲಿನಲ್ಲಿ ನುಚ್ಚಿನ ತೂಕದ ಕೆಳಗೆ ಎರಡು ಗೆರೆ ಎಳೆದಿದ್ದಾಳೆ. ತೂಕ ಮಾಡುವುದನ್ನು ನೋಡುತ್ತ ನಿಂತಿದ್ದ ಮುನೀಮರು ಒಂದು ದಿನ, ‘ಇದೆಲ್ಲ ಬರಕೊಂಡು ಏನ್ ಮಾಡ್ತಿ ತಂಗಿ?’ ಎಂದು ಕೇಳಿದರಂತೆ. ‘ಇನ್ನಾ ಹತ್ತು ದಿನ ಬರದು ಹೇಳ್ತೀನ್ರಿ ಕಾಕಾ’ ಎಂದಳಂತೆ.

ಇಪ್ಪತ್ತು ದಿನದ ಅಂಕಿಗಳನ್ನು ಒಟ್ಟಿಗೆ ಇಟ್ಟಾಗ ವಿಷಯ ಸ್ಪಷ್ಟವಾಯಿತು. ಒಣಗುವುದು ಅರ್ಧಕ್ಕೆ ನಿಂತ ದಿನಗಳಲ್ಲಿ ಸಿಪ್ಪೆ ಸರಿಯಾಗಿ ಬಿಡುತ್ತಿರಲಿಲ್ಲ, ಆದ್ದರಿಂದ ಅದೇ ಕಾಳನ್ನು ಇನ್ನೊಂದು ಸಲ ಯಂತ್ರಕ್ಕೆ ಹಾಕುತ್ತಿದ್ದರು, ಆ ಹೆಚ್ಚುವರಿ ಸುತ್ತಿನಲ್ಲಿ ನುಚ್ಚು ಏರುತ್ತಿತ್ತು. ಇದು ಹೊಸ ಸಂಶೋಧನೆಯಲ್ಲ, ಬಲ್ಲವರಿಗೆ ಗೊತ್ತಿರುವ ಸಂಗತಿಯೇ. ಆದರೆ ಆ ಮಿಲ್ಲಿನ ತೂಕದಲ್ಲಿ, ಆ ಅಂಗಳದ ಬಿಸಿಲಿನಲ್ಲಿ ಅದನ್ನು ಅಂಕಿಯಾಗಿ ತೋರಿಸಿದವಳು ಅವಳು.

ನೀವೂ ಹೀಗೆಯೇ ಮಾಡಿ. ನೋಟ್‌ಬುಕ್ಕನ್ನು ಅದೇ ದಿನ, ಅದೇ ಜಾಗದಲ್ಲಿ, ಕನ್ನಡದಲ್ಲೇ ಬರೆಯಿರಿ; ಇಂಗ್ಲಿಷ್ ವರದಿಯನ್ನು ಆಮೇಲೆ ಅದರಿಂದ ತೆಗೆಯಬಹುದು. ಕಾಲೇಜಿನಲ್ಲಿ ಕಲಿತ ಇಂಗ್ಲಿಷ್ ಪದಕ್ಕೆ ಕೆಲಸಗಾರರು ಯಾವ ಪದ ಬಳಸುತ್ತಾರೆ ಎಂಬುದನ್ನು ಪಕ್ಕದಲ್ಲಿ ಬರೆದಿಡಿ. ನಮ್ಮ ಕಾರ್ಖಾನೆಗಳಲ್ಲಿ ಕನ್ನಡ, ಉರ್ದು, ತೆಲುಗು, ಮರಾಠಿ, ಹಿಂದಿ ಎಲ್ಲವೂ ಬೆರೆತಿರುತ್ತವೆ, ಮತ್ತು ಆ ಭಾಷೆಗಳನ್ನು ಬಾಲ್ಯದಿಂದಲೇ ಕೇಳಿ ಬೆಳೆದ ನಿಮಗೆ ಅದು ದೊಡ್ಡ ಬಲ. ಹಿರಿಯ ಕೆಲಸಗಾರರು ಎಂಜಿನಿಯರ್‌ಗೆ ಹೇಳದ ಎಷ್ಟೋ ಮಾತನ್ನು ತಮ್ಮ ಭಾಷೆಯಲ್ಲಿ ಕೇಳಿದ ಹುಡುಗರಿಗೆ ಹೇಳುತ್ತಾರೆ. ಅವರನ್ನು ರೀ ಹಾಕಿ ಮಾತನಾಡಿಸಿ, ಅವರ ಕೈಯಲ್ಲಿ ಕೆಲಸ ಇರುವಾಗ ಪ್ರಶ್ನೆ ಕೇಳದೆ ಊಟದ ಹೊತ್ತಿಗೆ ಕೇಳಿ. ಬುತ್ತಿ ಬಿಚ್ಚಿ ಅವರೊಂದಿಗೆ ಕುಳಿತರೆ ಕಡಕ್ ರೊಟ್ಟಿ, ಶೇಂಗಾ ಹಿಂಡಿಯ ಜೊತೆ ಒಂದು ಪಾಠವೂ ಸಿಗುತ್ತದೆ.

ನಿಮ್ಮಿಂದ ತಪ್ಪಾದರೆ ತಕ್ಷಣ ಹೇಳಿ. ತಪ್ಪು ಅಂಕಿ ಬರೆದಿದ್ದರೆ ಅಳಿಸದೆ ಗೆರೆ ಎಳೆದು ಸರಿಯಾದದ್ದನ್ನು ಪಕ್ಕದಲ್ಲಿ ಬರೆಯಿರಿ. ಅಳತೆ ತೆಗೆಯಲು ಆಗದ ದಿನವನ್ನು ಖಾಲಿ ಬಿಡಿ, ಅಂದಾಜಿನಿಂದ ತುಂಬಬೇಡಿ. ಇದರಲ್ಲಿ ನಾನು ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ, ಏಕೆಂದರೆ ನಿಮ್ಮ ಅಂಕಿಯನ್ನು ನಂಬಿ ಯಾರಾದರೂ ಯಂತ್ರ ನಿಲ್ಲಿಸಬಹುದು ಅಥವಾ ನಿಲ್ಲಿಸದೆ ಬಿಡಬಹುದು.

ವಾರಕ್ಕೊಮ್ಮೆ, ಶನಿವಾರ ಹೊರಡುವ ಮುನ್ನ, ಮೇಲ್ವಿಚಾರಕರಿಗೆ ಐದು ಸಾಲಿನ ಸಂದೇಶ ಕಳುಹಿಸಿ: ಈ ವಾರ ಏನು ಮಾಡಿದೆ, ಏನು ಸಿಕ್ಕಿತು, ಎಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ, ಮುಂದಿನ ವಾರ ಏನು ಮಾಡುತ್ತೇನೆ. ಅವರು ಉತ್ತರಿಸದಿದ್ದರೂ ಓದುತ್ತಾರೆ.

ಕೊನೆಯ ವಾರ

ಹೊಸ ಅಳತೆಗಳನ್ನು ಐದನೇ ವಾರಕ್ಕೇ ನಿಲ್ಲಿಸಿ. ಆರನೇ ವಾರ ಒಪ್ಪಿಸುವುದಕ್ಕೆ ಮೀಸಲು. ಅಲ್ಲಿಯವರಿಗೆ ಎರಡು ಪುಟದ ಸಾರಾಂಶ ಸಾಕು, ಅದೂ ಅವರು ಓದುವ ಭಾಷೆಯಲ್ಲಿ: ಏನನ್ನು ನೋಡಿದೆ, ಹೇಗೆ ಅಳೆದೆ, ಏನು ಕಂಡಿತು, ಇದನ್ನು ನೀವು ಮುಂದುವರಿಸುವುದಾದರೆ ಈ ಕೋಷ್ಟಕ ಹೀಗೆ ತುಂಬಿ. ಕಂಪ್ಯೂಟರಿನಲ್ಲಿ ಎಕ್ಸೆಲ್ ಹಾಳೆ ಮಾಡಿದ್ದರೆ ಅದನ್ನು ಅವರ ಎದುರಿಗೇ ತೆರೆದು, ಅವರ ಕೈಯಿಂದಲೇ ಒಂದು ಸಾಲು ತುಂಬಿಸಿ ನೋಡಿ. ಅವರಿಗೆ ಬಾರದಿದ್ದರೆ ಅದನ್ನು ಸರಳ ಮಾಡಲು ನಿಮಗೆ ಇನ್ನೂ ಮೂರು ದಿನ ಇರುತ್ತವೆ. ಮಾಲೀಕರು ಅಥವಾ ವಿಭಾಗದ ಮುಖ್ಯಸ್ಥರು ಹತ್ತು ನಿಮಿಷ ಕೊಟ್ಟರೆ, ನಿಮಗೆ ಅಳತೆಗೆ ನೆರವಾದ ಕೆಲಸಗಾರರ ಹೆಸರನ್ನು ಅವರ ಮುಂದೆ ಹೇಳಿ.

ಪ್ರಮಾಣಪತ್ರದಲ್ಲಿ ನಿಮ್ಮ ಹೆಸರಿನ ಕಾಗುಣಿತ, ಶುರುವಾದ ಮತ್ತು ಮುಗಿದ ದಿನಾಂಕ, ವಿಭಾಗ, ಸಹಿ, ಮುದ್ರೆ ಎಲ್ಲವೂ ಸರಿಯಿವೆಯೇ ಎಂದು ಗೇಟು ದಾಟುವ ಮುನ್ನ ನೋಡಿ. ಜುಲೈನಲ್ಲಿ ತಿದ್ದಿಸಲು ಹೋದರೆ ಸಹಿ ಹಾಕಿದವರು ವರ್ಗವಾಗಿರಬಹುದು. ಸಾಧ್ಯವಾದರೆ ‘ಇಂಥ ಕೆಲಸವನ್ನು ಮಾಡಿದ್ದಾರೆ’ ಎಂಬ ಒಂದು ಸಾಲನ್ನು ಅದರಲ್ಲಿ ಸೇರಿಸಿ ಕೊಡುವಂತೆ ಕೇಳಿಕೊಳ್ಳಿ. ನೋಟ್‌ಬುಕ್‌ನ ಪುಟಗಳನ್ನು ಒಯ್ಯಲು, ವರದಿಯಲ್ಲಿ ಅಂಕಿಗಳನ್ನು ಬಳಸಲು ಬರಹದಲ್ಲಿ ಅನುಮತಿ ಪಡೆಯಿರಿ. ಕೆಲವರು ಅಂಕಿಗಳನ್ನು ಶೇಕಡಾವಾರಿನಲ್ಲಿ ಮಾತ್ರ ಹಾಕಲು ಹೇಳುತ್ತಾರೆ, ಅದು ನ್ಯಾಯವೇ.

ವರದಿ ಬರೆಯುವಾಗ ಕಂಪನಿಯ ಇತಿಹಾಸಕ್ಕೆ ಅರ್ಧ ಪುಟ ಕೊಟ್ಟು ಮುಗಿಸಿ. ಉಳಿದದ್ದೆಲ್ಲ ನಿಮ್ಮ ಕೆಲಸದ್ದಾಗಿರಲಿ. ರೆಸ್ಯೂಮೆಯಲ್ಲಿ ‘ಆರು ವಾರ ಇಂಟರ್ನ್‌ಶಿಪ್ ಮಾಡಿದ್ದೇನೆ’ ಎಂದು ಬರೆದರೆ ಓದುವವರಿಗೆ ಏನೂ ತಿಳಿಯದು. ‘20 ದಿನ ತೇವಾಂಶ ಮತ್ತು ನುಚ್ಚಿನ ತೂಕ ದಾಖಲಿಸಿ, ಅವೆರಡರ ಸಂಬಂಧ ತೋರಿಸಿದ್ದೇನೆ’ ಎಂದು ಬರೆದರೆ ಸಂದರ್ಶನ ಅಲ್ಲಿಂದಲೇ ಶುರುವಾಗುತ್ತದೆ, ಮತ್ತು ಆ ವಿಷಯದಲ್ಲಿ ಎದುರಿಗೆ ಕುಳಿತವರಿಗಿಂತ ನಿಮಗೇ ಹೆಚ್ಚು ಗೊತ್ತಿರುತ್ತದೆ.

ಮೌಖಿಕ ಪರೀಕ್ಷೆ ಮುಗಿದ ಮೇಲೆ ವರದಿಯ ಒಂದು ಪ್ರತಿಯನ್ನು ನೀವೇ ಹೋಗಿ ಕೊಟ್ಟು ಬನ್ನಿ. ದಾಲ್ ಮಿಲ್ಲಿಗೆ ಹೋಗಿದ್ದ ವಿದ್ಯಾರ್ಥಿನಿ ಆಗಸ್ಟಿನಲ್ಲಿ ಹಾಗೆ ಹೋದಾಗ, ಮುನೀಮರ ಮೇಜಿನ ಹಿಂದಿನ ಗೋಡೆಗೆ ಅವಳ ಕೋಷ್ಟಕದ ಜೆರಾಕ್ಸ್ ಪ್ರತಿಯೊಂದನ್ನು ಅಂಟಿಸಿದ್ದರು. ಅವಳು ಬಿಟ್ಟು ಬಂದ ದಿನಾಂಕದ ಕೆಳಗೆ ಬೇರೆ ಕೈಬರಹದಲ್ಲಿ ಮೂವತ್ತಕ್ಕೂ ಹೆಚ್ಚು ಸಾಲುಗಳಿದ್ದವು.